ಬುದ್ಧಿ ಅಳೆದ ತಂಬಿಗೆ

ಇದು ನಡೆದ ಸಂಗತಿ. ಆಣೆ ಮಾಡಿ ಹೇಳಬಹುದಿತ್ತು. ಆದರೆ ಆಣೆಗೆ ಏನನ್ನಾದರೂ ಮುಟ್ಟಬೇಕು. ನಮ್ಮೂರಿನಲ್ಲಿ ಗುಡಿಯ ಬಾಗಿಲನ್ನು ನಾವು ಮುಟ್ಟುವಂತಿಲ್ಲ. ಪುಸ್ತಕ ಮುಟ್ಟಿ ಹೇಳೋಣವೆಂದರೆ ಅದು ಮಾಸ್ತರರ ಮೇಜಿನ ಮೇಲಿದೆ, ಮೇಜನ್ನೂ ಮುಟ್ಟುವಂತಿಲ್ಲ. ಆದ್ದರಿಂದ ಹಾಗೇ ನಂಬಿ. ನಂಬದಿದ್ದರೂ ನಡೆದದ್ದು ನಡೆದುಹೋಗಿದೆ.

ನಾನು ಗುದ್ಲೆಪ್ಪ. ಹಿರೇಕೆರೂರ ತಾಲೂಕಿನ ಒಂದು ಊರಿನ ಹೊಲಗೇರಿಯವನು. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಊರಿನವರು ತಾವು ಒಳ್ಳೆಯವರೆಂದು ತಿಳಿದುಕೊಂಡಾರು. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಓದಿದ್ದಕ್ಕಿಂತ ಹೆಚ್ಚಾಗಿ ಕಲಿತದ್ದು ಅಣಕ. ಒಬ್ಬರ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅವರು ನನ್ನ ಗಂಟಲಲ್ಲಿ ಮನೆ ಮಾಡುತ್ತಿದ್ದರು. ಪ್ರಿನ್ಸಿಪಾಲರು, ಹಾಸ್ಟೆಲಿನ ಅಡುಗೆಯವರು, ಎಲೆಕ್ಷನ್ನಿಗೆ ನಿಂತು ಬಿದ್ದವರು, ಎಲ್ಲರೂ ಬಾಡಿಗೆಯಿಲ್ಲದೆ ಅಲ್ಲಿ ವಾಸವಾಗಿದ್ದರು.

ಅರವತ್ತೆರಡನೆಯ ಇಸವಿ. ಎಲೆಕ್ಷನ್ ಮುಗಿದು ಬೇಸಿಗೆ ಕಾಲಿಟ್ಟಿತ್ತು. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ.

ನಮ್ಮ ಕಡೆ ಶಾಲೆಗೆ ಸಾಲಿ ಎನ್ನುತ್ತಾರೆ. ನನ್ನ ತಂಗಿ ಕರೆವ್ವ ಸಾಲಿಗೆ ಹೋಗುತ್ತಿದ್ದಳು, ಸಾಲಿನಲ್ಲಿ ಕೂರುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ, ನಾಲ್ಕನೆಯ ಇಯತ್ತೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಬೇಕು. ಅಂಗಳ ಗುಡಿಸಬೇಕು. ಶನಿವಾರ ಸೆಗಣಿ ತಂದು ಒಳಗಿನ ನೆಲ ಸಾರಿಸಬೇಕು. ನೆಲ ಹಸಿಯಿದ್ದಾಗ ಅವಳು ಒಳಗೆ. ನೆಲ ಒಣಗಿತೆಂದರೆ ಹೊರಗೆ. ಒಣಗಿದ ನೆಲದ ಮೇಲೆ ಗೌಡರ ಮಗ ಕರಿಬಸಪ್ಪನೂ ಅವನ ಓರಗೆಯವರೂ ಕೂರುತ್ತಿದ್ದರು. ಕರೆವ್ವ ಮತ್ತು ಕೇರಿಯ ಉಳಿದ ಮಕ್ಕಳು ಬಾಗಿಲಾಚೆ ಕಟ್ಟೆಯ ಮೇಲೆ ಗೋಣಿತಟ್ಟು ಹಾಕಿಕೊಂಡು ಕುತ್ತಿಗೆ ಚಾಚುತ್ತಿದ್ದರು. ಕರಿಹಲಗೆಯ ಅರ್ಧ ಕಾಣುತ್ತಿತ್ತು. ಇನ್ನರ್ಧವನ್ನು ಊಹೆಯಿಂದ ಕಲಿಯಬೇಕು.

ಬೇಲಿಯ ಗಿಡಗಳಿಗೆ ಹಳ್ಳದಿಂದ ನೀರು ಹೊರುವವರೂ ಅವರೇ. ಹೊತ್ತು ಹೊತ್ತು ಕರೆವ್ವನ ನೆತ್ತಿಯ ಕೂದಲು ಸವೆದಿತ್ತು. ನೀರು ಹೊತ್ತವರಿಗೆ ಬಾಯಾರಿದರೆ ತಾವೇ ತೆಗೆದುಕೊಂಡು ಕುಡಿಯುವಂತಿಲ್ಲ. ಒಳಗಿನ ಹುಡುಗನೊಬ್ಬ ತಂಬಿಗೆ ಹಿಡಿದು ಹೊಸ್ತಿಲಿಗೆ ಬರಬೇಕು. ಇವರು ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ಬಾಯಿಗೆ ಹಚ್ಚಬೇಕು. ಅವನು ಮೇಲಿನಿಂದ ಸುರಿಯಬೇಕು. ತಂಬಿಗೆ ಕೈಗೆ ತಾಗಬಾರದು. ಸಾಕಾದಾಗ ಮಾತಾಡುವಂತಿಲ್ಲ, ಬಾಯಿ ತುಂಬ ನೀರಿರುತ್ತದಲ್ಲ, ತಲೆ ಅಲ್ಲಾಡಿಸಬೇಕು. ಅವನು ನೋಡಿದರೆ ನಿಲ್ಲಿಸುತ್ತಾನೆ. ನೋಡದಿದ್ದರೆ ಮೂಗಿಗೂ ಅಷ್ಟು, ಎದೆಗೂ ಅಷ್ಟು. ಈ ವಿದ್ಯೆಯನ್ನು ನಮ್ಮ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ತಂಬಿಗೆ ಎದುರಿಗೆ ಬಂತೆಂದರೆ ಮೊಣಕಾಲು ತಾನಾಗಿ ಮಡಚುತ್ತದೆ.

ಅಷ್ಟಾದರೂ ಕರೆವ್ವ ಕಲಿತಿದ್ದಳು. ಬಾಗಿಲಾಚೆಯಿಂದಲೇ ಮಗ್ಗಿ ಒಪ್ಪಿಸುತ್ತಿದ್ದಳು. ಅವಳಿಗೆ ಒಂದೇ ಹಟ. ಜೂನಿನಲ್ಲಿ ಐದನೆಯ ಇಯತ್ತೆಗೆ ಹೋಗಬೇಕು. ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ಐದನೆಯದರ ಮುಖ ಕಂಡವರು ಯಾರೂ ಇರಲಿಲ್ಲ.

ಆಗ ಸಾಹೇಬರು ಬಂದರು.

ದೊಡ್ಡ ಊರಿನ ಟ್ರೇನಿಂಗ್ ಕಾಲೇಜಿನವರು. ತೆಳ್ಳಗೆ, ಕನ್ನಡಕ, ಬಿಳಿ ಅಂಗಿ, ಮೃದುವಾದ ಮಾತು. ಮಕ್ಕಳು ಹೇಗೆ ಯೋಚಿಸುತ್ತಾರೆ, ಯಾವ ವಯಸ್ಸಿಗೆ ಏನು ತಿಳಿಯುತ್ತಾರೆ ಎಂಬ ಸಂಶೋಧನೆ ಮಾಡುತ್ತಿದ್ದರು. ಜಾತಿಯಲ್ಲಿ ಏನೂ ಕೊರತೆ ಇರಲಿಲ್ಲ. ಇದ್ದಿದ್ದರೆ ಬಸವಣ್ಣೆಪ್ಪ ಮಾಸ್ತರರ ಮನೆಯಲ್ಲಿ, ಮಾಸ್ತರರ ಪಕ್ಕದ ಮಣೆಯಲ್ಲೇ ಅವರಿಗೆ ಊಟ ಆಗುತ್ತಿರಲಿಲ್ಲ.

ಬಸವಣ್ಣೆಪ್ಪ ಮಾಸ್ತರರು ನಮ್ಮ ಸಾಲಿಯ ಹೆಡ್‌ಮಾಸ್ತರರು. ಸಂಶೋಧನೆಯಲ್ಲಿ ಅವರಿಗೆ ಶೋಧಿಸುವುದು ಮಾತ್ರ ಕೇಳಿಸಿತು. ಜರಡಿ ಹಿಡಿದು ಹೊಟ್ಟನ್ನು ಬೇರೆ ಮಾಡುವುದು. ಹೊಟ್ಟು ಯಾರು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಕೇರಿಯ ಮಕ್ಕಳು ಮೇಲಿನ ಇಯತ್ತೆಗೆ ಯಾಕೆ ಬರುತ್ತಿಲ್ಲ ಎಂದು ಕಚೇರಿಯಿಂದ ಆಗಾಗ ಕೇಳುತ್ತಿದ್ದರು. ಅದಕ್ಕೊಂದು ಉತ್ತರ ಬೇಕಾಗಿತ್ತು.

ಪ್ರಯೋಗ ನಾನು ನೋಡಿದೆ. ಕಿಟಕಿಯ ಹೊರಗೆ ನಿಂತು ನೋಡಿದೆ. ಬಿ.ಎ. ಓದಿದರೆ ಕಟ್ಟೆಯಿಂದ ಕಿಟಕಿಗೆ ಬಡ್ತಿ ಸಿಗುತ್ತದೆ.

ಸಾಹೇಬರು ಪೆಟ್ಟಿಗೆ ಬಿಚ್ಚಿ ಗಾಜಿನ ಗ್ಲಾಸುಗಳನ್ನು ಮೇಜಿನ ಮೇಲಿಟ್ಟರು. ಎರಡು ಒಂದೇ ಅಳತೆಯ ಅಗಲ ಗ್ಲಾಸು. ಇನ್ನೊಂದು ಬಡಕಲು, ಉದ್ದ. ನೀರಿಗೆ ಮಾಸ್ತರರು ತಮ್ಮ ಮನೆಯ ಹಿತ್ತಾಳೆ ತಂಬಿಗೆ ತರಿಸಿದರು. ಒಬ್ಬೊಬ್ಬ ಮಗುವೂ ಬಂದು ತಂಬಿಗೆಯಿಂದ ಎರಡು ಅಗಲ ಗ್ಲಾಸಿಗೆ ಸಮ ಸಮ ನೀರು ಹಾಕಬೇಕು. ಆಮೇಲೆ ಒಂದರ ನೀರನ್ನು ಉದ್ದ ಗ್ಲಾಸಿಗೆ ಸುರಿಯಬೇಕು. ನೀರು ಮೇಲಕ್ಕೆ ಏರಿದಂತೆ ಕಾಣುತ್ತದೆ. ಆಗ ಸಾಹೇಬರು ಕೇಳುತ್ತಾರೆ, "ಈಗ ಯಾವುದರಲ್ಲಿ ನೀರು ಹೆಚ್ಚಿದೆ?" ಪರದೇಶದ ಪಂಡಿತರು ಕಂಡುಹಿಡಿದ ಪ್ರಯೋಗವಂತೆ. ಮಗು ತನ್ನ ಕೈಯಾರೆ ಸುರಿಯಬೇಕು, ಆಗಲೇ ಅದರ ಯೋಚನೆ ಗೊತ್ತಾಗುವುದು ಎಂದು ಮಾಸ್ತರರಿಗೆ ವಿವರಿಸಿದರು. ಮಾಸ್ತರರು ತಲೆಯಾಡಿಸಿದರು. ತಲೆ ಅಲ್ಲಾಡಿಸಿದರೆ ಮಾತು ನಿಲ್ಲುತ್ತದೆಂದು ಅವರಿಗೂ ಗೊತ್ತಿತ್ತು.

ಮೊದಲು ಗೌಡರ ಮಗ ಕರಿಬಸಪ್ಪ. ಸುರಿದ. ಅರ್ಧ ಮೇಜಿನ ಮೇಲೆ ಸುರಿದ.

"ಯಾವುದರಲ್ಲಿ ಹೆಚ್ಚಿದೆ, ಮಗು?"

"ಉದ್ದಂದ್ರಾಗ್ರಿ."

"ಪರವಾಗಿಲ್ಲ. ಯೋಚನೆ ಬೆಳೆಯುತ್ತಿದೆ," ಎಂದು ಸಾಹೇಬರು ಬೆನ್ನು ತಟ್ಟಿದರು.

ಒಳಗಿನವರು ಮುಗಿದ ಮೇಲೆ ಹೊರಗಿನವರ ಸರದಿ, ಮೊದಲು ಕರೆವ್ವ. ಮಾಸ್ತರರು ಮೇಜನ್ನು ಹೊಸ್ತಿಲ ತನಕ ಎಳೆಸಿದರು. ಹುಡುಗಿ ಒಳಗೆ ಹೋಗಲಿಲ್ಲ. ವಿಜ್ಞಾನವೇ ಹೊಸ್ತಿಲಿಗೆ ಬಂತು.

"ಮಗು, ಈ ತಂಬಿಗೆ ತೆಗೆದುಕೋ. ಎರಡೂ ಗ್ಲಾಸಿಗೆ ಸಮನಾಗಿ ನೀರು ಹಾಕು."

ಕರೆವ್ವ ಮಾಸ್ತರರ ಮುಖ ನೋಡಿದಳು. ಮಾಸ್ತರರು ಜಂತೆ ನೋಡಿದರು. ಸಾಹೇಬರು ಮುಗುಳ್ನಕ್ಕು, ತಾವೇ ತಂಬಿಗೆ ಎತ್ತಿ ಅವಳ ಮುಂದೆ ಹಿಡಿದರು.

ಕರೆವ್ವ ಕುಕ್ಕರಗಾಲಲ್ಲಿ ಕೂತಳು. ಬಾಯಿಗೆ ಬೊಗಸೆ ಹಚ್ಚಿದಳು. ಹಿಡಿದಿದ್ದ ತಂಬಿಗೆ ವಾಲಿ ನೀರು ಬಿತ್ತು. ಕುಡಿದಳು. ಬೆಳಗಿನಿಂದ ಗಿಡಕ್ಕೆ ನೀರು ಹೊತ್ತಿದ್ದಳು, ಬಾಯಾರಿತ್ತು.

ಒಳಗಿನವರೆಲ್ಲ ಗೊಳ್ಳೆಂದರು.

"ಕುಡಿಯುವುದಕ್ಕಲ್ಲ, ಮಗು. ಸುರಿಯುವುದಕ್ಕೆ. ತೆಗೆದುಕೋ."

ಮತ್ತೆ ತಂಬಿಗೆ ಚಾಚಿದರು. ಮತ್ತೆ ಬೊಗಸೆ ಒಡ್ಡಿದಳು. ಸಾಹೇಬರು ತಂಬಿಗೆ ಕೆಳಗಿಟ್ಟರು. ತಮ್ಮ ಹಾಳೆಯಲ್ಲಿ ಏನೋ ಗೀಚುತ್ತ, ತಮಗೆ ತಾವೇ ಎಂಬಂತೆ, "ಸೂಚನೆ ಅರ್ಥವಾಗಲಿಲ್ಲ," ಎಂದರು.

"ಮದ್ಲ ಹೇಳಿದ್ನೆಲ್ರೀ ಸಾಹೇಬ್ರ," ಎಂದರು ಮಾಸ್ತರರು. "ಈ ಮಂದೀನ ಮಂದ್ರಿ. ನೀರಂದ್ರ ಕುಡಿಯೂದೊಂದ ಗೊತ್ತು."

ಕೇರಿಯ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಒಬ್ಬೊಬ್ಬರಾಗಿ ಕೂತರು. ಒಬ್ಬೊಬ್ಬರಾಗಿ ಬೊಗಸೆ ಒಡ್ಡಿದರು. ಕೊನೆಕೊನೆಗೆ ಒಳಗಿನವರಿಗೆ ನಕ್ಕು ನಕ್ಕು ಬೇಸರ ಬಂದಿತ್ತು. ಎಲ್ಲರಿಗೂ ನಾಲ್ಕು ವರ್ಷದ ಬುದ್ಧಿ ಎಂದು ಸಾಹೇಬರು ತೀರ್ಮಾನಿಸಿದರು. ಬಹಳ ಮೃದುವಾಗಿ, ಬಹಳ ದುಃಖದಿಂದ ತೀರ್ಮಾನಿಸಿದರು. ಇಷ್ಟು ದಿನ ಮಾಸ್ತರರ ಬಾಯಲ್ಲಿದ್ದದ್ದು ಬರೀ ಬೈಗುಳ. ಆವತ್ತು ಬೈಗುಳಕ್ಕೆ ವಿಜ್ಞಾನದ ಮೊಹರು ಬಿತ್ತು.

ಸಾಲಿ ಬಿಡುವಾಗ ಮಾಸ್ತರರು ಕಟ್ಟೆಗೆ ಬಂದು ಸಾರಿದರು. "ಜೂನದಿಂದ ನಿಮಗ ಐದನೇ ಇಯತ್ತೆ ಇಲ್ಲ. ಬ್ಯಾರೆ ವರ್ಗ. ಗುಡಸೂದು, ಸಾರಸೂದು, ಹಗ್ಗ ಹೊಸಿಯೂದು. ಬುದ್ಧಿಗಿ ತಕ್ಕ ವಿದ್ಯೆ. ನಾ ಹೇಳಿದ್ದಲ್ಲ, ಶಾಸ್ತ್ರ ಹೇಳಿದ್ದು."

ಸಂಜೆ ಕೇರಿಯಲ್ಲಿ ನಾನು ಸಾಹೇಬರಾದೆ. ಮೂಗಿನ ತುದಿಗೆ ಇಲ್ಲದ ಕನ್ನಡಕ ಏರಿಸಿ, "ಮಗು, ಸೂಚನೆ ಅರ್ಥವಾಗಲಿಲ್ಲವೇ?" ಎಂದೆ. ಕೇರಿಯೆಲ್ಲ ನಕ್ಕಿತು. ಮಾಸ್ತರರಾದೆ, ಜಂತೆ ನೋಡಿದೆ. ಮುದುಕಿ ಭರಮವ್ವ ಹೊಟ್ಟೆ ಹಿಡಿದುಕೊಂಡು, "ಸಾಕೋ ಗುದ್ಲ್ಯಾ, ಸತ್ತಗಿತ್ತೇನು," ಎಂದಳು.

ಕರೆವ್ವ ನಗಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು.

"ನಗ್ರಿ ನಗ್ರಿ. ನನ್ನ ಐದನೇ ಇಯತ್ತೆಕ್ಕ ಕಳಸಂಗಿಲ್ಲಂತ."

ಅವ್ವ ತಿಪ್ಪವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಹೋಗ್ಲಿ ಬಿಡವ್ವ. ನಾಕ ಓದಿದಿ, ಸಾಕು. ನನ್ನ ಕೂಡ ಕಳೆ ತಗಿಯಾಕ ಬಾ."

"ನಾ ಒಲ್ಲೆ."

"ನೀ ಒಲ್ಲೆ ಅಂದ್ರ ಯಾರ ಕೇಳ್ತಾರ?"

"ಕೇಳೂಮಟಾ ಅಂತೇನಿ."

ನಾನು ಹತ್ತಿರ ಹೋಗಿ ಕೂತೆ. "ಕರೆವ್ವಾ, ಅವರು ಕೇಳಿದ್ದಕ್ಕ ಉತ್ತರ ಗೊತ್ತಿರಲಿಲ್ಲೇನ?"

"ಏನ್ ಕೇಳಿದ್ರಣ್ಣಾ? ಏನೂ ಕೇಳ್ಲಿಲ್ಲ. ತಂಬಿಗಿ ಮುಂದ ಹಿಡದ್ರು. ತಂಬಿಗಿ ಮುಂದ ಬಂದ್ರ ಬೊಗಸಿ ಒಡ್ಡಬೇಕಲ್ಲ?" ಅವಳ ದನಿ ಏರಿತು. "ಮುಟ್ಟಿದ್ರ ಮಾಸ್ತರ ಕೈ ಮುರಿತಿದ್ದ. ಮುಟ್ಟಲಿಲ್ಲಂತ ಬುದ್ಧಿ ಇಲ್ಲ ಅಂದ್ರು. ಯಾವದ್ ಮಾಡ್ಲಿ ನಾ? ನೀ ಕಾಲೇಜ ಓದಿದಾಂವ ಅದೀಯಲ್ಲ, ಹೇಳು."

ನನ್ನ ಗಂಟಲಲ್ಲಿ ವಾಸವಾಗಿದ್ದವರನ್ನೆಲ್ಲ ಆ ರಾತ್ರಿ ಒಬ್ಬೊಬ್ಬರಾಗಿ ಎಬ್ಬಿಸಿ ಕೇಳಿ ನೋಡಿದೆ.

ಮರುದಿನ ಸಂಜೆ ಸಾಹೇಬರು ರಟ್ಟೀಹಳ್ಳಿ ರಸ್ತೆಯಲ್ಲಿ ತಿರುಗಾಡಲು ಹೊರಟಾಗ ನಾನು ಹಿಂದೆ ಹಿಂದೆ ನಡೆದೆ. ಹಿಂದಿನಿಂದ ಅವರದೇ ದನಿಯಲ್ಲಿ, "ಯೋಚನೆ ಬೆಳೆಯುತ್ತಿದೆ," ಎಂದೆ. ಅವರು ಬೆಚ್ಚಿ ತಿರುಗಿದರು. ತಾವು ಮಾತಾಡಿದ್ದೋ ಎಂದು ಒಂದು ಗಳಿಗೆ ತಮ್ಮ ಬಾಯಿಯನ್ನೇ ಮುಟ್ಟಿ ನೋಡಿಕೊಂಡರು.

"ಯಾರು ನೀವು?"

"ನಾಲ್ಕು ವರ್ಷದ ಬುದ್ಧಿಯ ಹುಡುಗಿಯ ಅಣ್ಣ. ನನ್ನದು ಐದೋ ಆರೋ ಇರಬಹುದು, ನೀವೇ ಅಳೆದು ಹೇಳಬೇಕು."

ಅವರು ಸಿಟ್ಟಾಗಲಿಲ್ಲ. ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ನಾನು ರಸ್ತೆಯ ಧೂಳಿನಲ್ಲೇ ಕುಕ್ಕರಗಾಲಲ್ಲಿ ಕೂತು ಬೊಗಸೆ ಮಾಡಿ ತೋರಿಸಿದೆ. ಇದು ಯಾಕೆ, ಯಾರು, ಯಾರಿಗೆ, ಎಂದಿನಿಂದ, ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ನನಗೆ ಹೊಳೆಯಲೇ ಇಲ್ಲ."

"ಹೊಳೆಯದಿದ್ದರೂ ನಿಮಗೆ ಏನೂ ನಷ್ಟವಿಲ್ಲ ಸರ್. ನೀವು ನಾಳೆ ಬಸ್ಸು ಹತ್ತುತ್ತೀರಿ. ಅವಳು ಕಸಬರಿಗೆ ಹಿಡಿಯುತ್ತಾಳೆ."

"ಪ್ರಯೋಗ ಮತ್ತೆ ಮಾಡೋಣ," ಎಂದರು. "ವಿಜ್ಞಾನ ಜಾತಿಯನ್ನು ನೋಡುವುದಿಲ್ಲ."

"ನೋಡಬೇಕಾಗಿತ್ತು," ಎಂದೆ.

ಬೆಳಗಾಗುವುದರಲ್ಲಿ ಮಾಸ್ತರರ ಶರತ್ತು ಸಾಹೇಬರ ಬಾಯಿಂದ ಬಂತು. ತಂಬಿಗೆ ಮಾಸ್ತರರ ಮನೆಯದು, ಊರವರು ಏನಂದಾರು. ಹುಡುಗಿ ತನ್ನ ಮನೆಯ ಪಾತ್ರೆಯನ್ನೇ ತರಲಿ. ಪ್ರಯೋಗವೂ ಆಗುತ್ತದೆ, ಯಾರಿಗೂ ತೊಂದರೆಯೂ ಇಲ್ಲ. ನನಗೆ ಇದು ಗೆಲುವಿನಂತೆಯೇ ಕಂಡಿತು. ಓದಿದವರಿಗೆ ಅರ್ಧ ಸಿಕ್ಕರೆ ಪೂರ್ತಿ ಸಿಕ್ಕಂತೆ ಕಾಣುವ ಒಂದು ರೋಗ ಇದೆ. ಮನೆಯಲ್ಲಿದ್ದ ವನಸ್ಪತಿ ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿದೆ. ಮಣ್ಣಿನ ಎರಡು ಅಗಲ ಕುಡಿಕೆ, ಒಂದು ಉದ್ದ ಕುಡಿಕೆ ಹುಡುಕಿದೆ. ಸಾಹೇಬನಾಗಿ ಕೂತು ಕರೆವ್ವನ ಕೈಯಲ್ಲಿ ತಾಲೀಮು ಮಾಡಿಸಿದೆ. ಅವಳು ಸುರಿದಳು. ಸರಿಯಾಗಿ ಹೇಳಿದಳು. ಒಂದು ಮಾತೂ ಹೆಚ್ಚು ಆಡಲಿಲ್ಲ. ಡಬ್ಬಿಯನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಸಾಲಿಯ ಹೊಸ್ತಿಲಿಗೆ ಮತ್ತೆ ಮೇಜು ಬಂತು. ಮೇಜಿನ ಒಳಬದಿಗೆ ಹಿತ್ತಾಳೆಯ ತಂಬಿಗೆ, ಗಾಜಿನ ಗ್ಲಾಸು. ಅವು ಒಳಗಿನವರಿಗೆ. ಹೊರಗಡೆ ನೆಲದ ಮೇಲೆ ನಮ್ಮ ಡಬ್ಬಿ, ಕುಡಿಕೆ. ಒಳಗೆ ಮಕ್ಕಳು ತುಂಬಿದ್ದರು. ಮಾಸ್ತರರು ಬೆತ್ತವನ್ನು ಬೆನ್ನ ಹಿಂದೆ ಹಿಡಿದು ಸಮಾಧಾನವಾಗಿ ನಿಂತಿದ್ದರು. ಉತ್ತರ ಸರಿಯಾದರೂ ತಪ್ಪಾದರೂ ಹುಡುಗಿ ಡ‌ಬ್ಬಿಯ ಪಕ್ಕದಲ್ಲೇ ಇರುತ್ತಾಳಲ್ಲ.

"ಬಾ ಮಗು," ಎಂದರು ಸಾಹೇಬರು. "ಈಗ ನಿನ್ನದೇ ಪಾತ್ರೆ. ಹೆದರಬೇಡ. ಸುರಿ."

ಕರೆವ್ವ ಡಬ್ಬಿ ಎತ್ತಿಕೊಂಡಳು. ಅದರಲ್ಲಿದ್ದ ನೀರನ್ನು ಬೇಲಿಯ ಗಿಡದ ಬುಡಕ್ಕೆ ಚೆಲ್ಲಿದಳು. ಡಬ್ಬಿಯನ್ನು ಕಟ್ಟೆಯ ಕೆಳಗೆ ಬೋರಲು ಹಾಕಿದಳು.

"ನಾ ಇದ್ರಾಗ ಮಾಡಂಗಿಲ್ರಿ."

"ಯಾಕೆ ಮಗು?"

"ಎಲ್ಲಾರ ಬುದ್ಧೀನೂ ಆ ತಂಬಿಗಿಲೇ ಅಳದ್ರಿ. ನಂದ್ಯಾಕ ಡಬ್ಬೀಲೇ?"

ನಾನು ಮತ್ತೆ ಕಿಟಕಿಯ ಹೊರಗೆ ನಿಂತಿದ್ದೆ. ಇದು ತಾಲೀಮಿನಲ್ಲಿ ಇರಲಿಲ್ಲ.

"ಏ ಕರಿ!" ಮಾಸ್ತರರ ಬೆತ್ತ ಮುಂದೆ ಬಂತು. "ಬಾಯಿ ಬಂತೇನ ನಿನಗ? ಮಾಡ್ತಿದ್ರ ಮಾಡು. ಇಲ್ಲಾಂದ್ರ ಅಲ್ಲೈತಿ ನೋಡು ಕಸಬರಗಿ, ತಗೋ."

"ಕಸಬರಗೀನೂ ಸಾಲೀದು, ತಂಬಿಗೀನೂ ಸಾಲಿಗಿ ತಂದಿದ್ದು. ಅದನ್ನ ಮುಟ್ಟಂತೀರಿ, ಇದನ್ನ ಬ್ಯಾಡಂತೀರಿ. ಯಾಕ್ರಿ ಮಾಸ್ತರ?"

ಆ 'ಯಾಕ್ರಿ' ನಮ್ಮೂರ ಸಾಲಿಯಲ್ಲಿ ಹೊರಗಿನಿಂದ ಒಳಕ್ಕೆ ಹೋದ ಮೊದಲ ಪ್ರಶ್ನೆ. ಅಲ್ಲಿಯ ತನಕ ಪ್ರಶ್ನೆಗಳೆಲ್ಲ ಒಳಗಿನಿಂದ ಹೊರಕ್ಕೇ ಬರುತ್ತಿದ್ದವು.

ಮಾಸ್ತರರು ಬೆತ್ತ ಎತ್ತುವುದರಲ್ಲಿದ್ದರು. ಸಾಹೇಬರು ಕೈ ಅಡ್ಡ ಹಿಡಿದರು. ಅವರ ಕಣ್ಣಲ್ಲಿ ಒಂದು ಆಸೆ ಹೊತ್ತಿಕೊಂಡಿತ್ತು. ಮಗು ಯೋಚಿಸುವುದು ಎದುರಿಗೇ ಕಾಣುವಾಗ ಸಂಶೋಧಕರು ಬಿಟ್ಟಾರೆಯೇ?

"ಹಾಗಾದರೆ ಹೇಗೆ ಮಾಡೋಣ, ಹೇಳು."

"ಮದ್ಲ ನಂದೊಂದ ಪ್ರಯೋಗ ಐತ್ರಿ. ಅದನ್ನ ನೀವು ಮಾಡ್ರಿ. ಆಮ್ಯಾಲೆ ನಿಮ್ದು ನಾ ಮಾಡ್ತೇನಿ."

"ನಿನ್ನ ಪ್ರಯೋಗವೇ? ಸರಿ, ಏನು ಮಾಡಬೇಕು?"

"ಕುಕ್ಕರಗಾಲಲೇ ಕುಂದರ್ರಿ."

ಸಾಹೇಬರು ಪ್ಯಾಂಟು ಎಳೆದುಕೊಂಡು ಕೂತರು. ಒಮ್ಮೆ ಹಿಂದಕ್ಕೆ ವಾಲಿ, ಗೋಡೆ ಹಿಡಿದು, ಮತ್ತೆ ಕೂತರು.

"ಎರಡೂ ಕೈ ಕೂಡಸ್ರಿ. ಹಂಗಲ್ಲ, ಸಂದಿ ಬಿಡಬ್ಯಾಡ್ರಿ. ಬಾಯಿಗಿ ಹಚ್ರಿ."

ಹಚ್ಚಿದರು. ಬೊಗಸೆಯ ಮೇಲಿನಿಂದ ಕನ್ನಡಕ ಮಾತ್ರ ಕಾಣುತ್ತಿತ್ತು.

ಆಗ ಕರೆವ್ವ ಹೊಸ್ತಿಲು ದಾಟಿದಳು. ಒಣಗಿದ ನೆಲದ ಮೇಲೆ ಕಾಲಿಟ್ಟಳು. ಕೈ ಚಾಚಿ ತಂಬಿಗೆ ಎತ್ತಿಕೊಂಡಳು.

ತಂಬಿಗೆಯ ಅಂಚಿನಲ್ಲಿ ನೀರು ತುಳುಕುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದಳು. ಅವಳಿಗೆ ಯಾವಾಗಲೂ ಎಷ್ಟು ಮೇಲಿನಿಂದ ಸುರಿಯುತ್ತಿದ್ದರೋ ಅಷ್ಟು ಮೇಲಕ್ಕೆ.

"ಕುಡೀರಿ," ಎಂದಳು. ಸುರಿದಳು.

ಮೊದಲ ಗುಟುಕು ಬಾಯಿಗೆ ಹೋಯಿತು. ಎರಡನೆಯದು ಮೂಗಿಗೆ. ಆಮೇಲಿನದಕ್ಕೆ ಲೆಕ್ಕವಿಲ್ಲ. ಕನ್ನಡಕ ಜಾರಿತು. ಕಾಲರಿನೊಳಗೆ ಇಳಿದು ಅಂಗಿ ಬೆನ್ನಿಗೆ ಅಂಟಿತು. ಸಾಹೇಬರು ಕೆಮ್ಮಿದರು, ಕೈ ಬೀಸಿದರು, ಏನೋ ಹೇಳಲು ಹೋಗಿ ಇನ್ನಷ್ಟು ಕುಡಿದರು. ತಲೆ ಅಲ್ಲಾಡಿಸಬೇಕೆಂದು ಅವರಿಗೆ ಗೊತ್ತಿಲ್ಲ. ತಲೆ ಅಲ್ಲಾಡಿಸದವರಿಗೆ ನಿಲ್ಲಿಸುವ ರೂಢಿ ಇಲ್ಲ. ಅವಳು ಸುರಿಯುತ್ತಲೇ ಇದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ನೀರು ಬೀಳುವ ಜಾಗವನ್ನೇ ನೋಡುತ್ತಿದ್ದಳು, ಬಹಳ ಗಮನವಿಟ್ಟು, ಸಂಶೋಧಕರು ನೋಡುವ ಹಾಗೆ.

ತಂಬಿಗೆಯಲ್ಲಿ ಅರ್ಧ ಉಳಿದಾಗ ನಿಲ್ಲಿಸಿದಳು. ತಾಲೀಮಿನಲ್ಲಿ ಕೇಳಿದ್ದ ನನ್ನ ದನಿಯಲ್ಲಿ, ನಾನು ಕದ್ದಿದ್ದ ಸಾಹೇಬರ ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು:

"ಸೂಚನೆ ಅರ್ಥವಾಗಲಿಲ್ಲ."

ಅಷ್ಟು ಹೊತ್ತಿಗೆ ಮಾಸ್ತರರಿಗೆ ದನಿ ಬಂತು. "ಇಡು! ಇಡು ಅದನ್ನ! ಮನೀ ತಂಬಿಗಿ ಹೊಲಸ ಮಾಡಿದ್ಯಲ್ಲ ಹೊಲತಿ!" ಬೆತ್ತ ಎತ್ತಿ ನುಗ್ಗಿದರು.

ನಾನು ಕಿಟಕಿ ಬಿಟ್ಟು ಓಡಿ ಬಾಗಿಲಿಗೆ ಬಂದಿದ್ದೆ. ಒಳಗೆ ಹೋಗಿ ನಡುವೆ ನಿಂತೆ.

"ಹೊಡೀರಿ ಮಾಸ್ತರ. ಆದ್ರ ಒಂದ ಮಾತ ಹೇಳಿ ಹೊಡೀರಿ. ತಂಬಿಗಿ ಮೈಲಿಗಿ ಆತೋ ಇಲ್ಲೋ?"

"ಆಗದ ಏನಲೇ? ಆಕಿ ಮುಟ್ಟ್ಯಾಳ!"

"ಆಕಿ ಮುಟ್ಟಿದ ನೀರ ಸಾಹೇಬ್ರ ಹೊಟ್ಟ್ಯಾಗ ಹೋಗೇತಿ. ಸಾಹೇಬ್ರು ಮೈಲಿಗಿ ಆದ್ರೋ ಇಲ್ಲೋ? ಈಗ ಮಧ್ಯಾಹ್ನ ನಿಮ್ಮ ಬಾಜೂಕ ಊಟಕ್ಕ ಕುಂದರಾವ್ರು. ಹೇಳ್ರಿ, ನಿಮ್ಮ ಮನೀ ಹೊರಗ ಕುಂದರಸ್ತೀರೇನು? ಮ್ಯಾಲಿಂದ ರೊಟ್ಟಿ ಒಗೀತೀರೇನು?"

ಬೆತ್ತ ಅಲ್ಲೇ ನಿಂತಿತು.

ಮಾಸ್ತರರು ತಂಬಿಗೆ ನೋಡಿದರು. ಸಾಹೇಬರ ಒದ್ದೆ ಗದ್ದ ನೋಡಿದರು. ತಂಬಿಗೆ ಮೈಲಿಗೆ ಎಂದರೆ ಸಾಹೇಬರು ಮೈಲಿಗೆ. ಸಾಹೇಬರು ಮೈಲಿಗೆ ಎಂದರೆ ಕಚೇರಿಯವರೆಗೆ ಸುದ್ದಿ. ಸಾಹೇಬರು ಮೈಲಿಗೆಯಲ್ಲ ಎಂದರೆ ತಂಬಿಗೆಯೂ ಅಲ್ಲ. ತಂಬಿಗೆ ಅಲ್ಲವೆಂದರೆ ಮುಟ್ಟಿದ ಕೈಯೂ ಅಲ್ಲ. ಅವರ ಹಣೆಯ ಮೇಲೆ ಬೆವರು ಒಡೆಯಿತು. ಮಾಸ್ತರರು ಯೋಚಿಸುವುದನ್ನು ನಾವು ಅಂದು ಮೊದಲ ಬಾರಿಗೆ ನೋಡಿದೆವು.

"ಸಾಹೇಬ್ರು ಅತಿಥಿಗಳು," ಎಂದು ತೊದಲಿದರು. "ಅವರಿಗೆ... ಹಂಗೆಲ್ಲ ಏನ ಆಗಂಗಿಲ್ಲ."

"ಹಂಗಾರ ತಂಬಿಗಿಗೂ ಆಗಿಲ್ಲ," ಎಂದಳು ಕರೆವ್ವ. ಅದನ್ನು ಮೇಜಿನ ಮೇಲಿಟ್ಟಳು, ಗಾಜಿನ ಗ್ಲಾಸುಗಳ ಪಕ್ಕದಲ್ಲಿ. ಮಕ್ಕಳ ನಡುವೆ ನಡೆದುಹೋಗಿ ಮುಂದಿನ ಸಾಲಿನಲ್ಲಿ, ಗೌಡರ ಮಗನ ಪಕ್ಕದಲ್ಲಿ ಕೂತಳು. ಕರಿಬಸಪ್ಪ ಸರಿದ. ಜಾಗ ಕೊಡಲು ಸರಿದನೋ, ಮೈ ತಾಗೀತೆಂದು ಸರಿದನೋ, ನಾನು ವಿಚಾರಿಸಲಿಲ್ಲ. ಕರೆವ್ವನಿಗೆ ಬೇಕಾಗಿದ್ದದ್ದು ಜಾಗ.

ಸಾಹೇಬರು ಎದ್ದು ನಿಂತರು. ಅಂಗಿಯ ಚುಂಗು ಹಿಂಡಿದರು. ಕನ್ನಡಕ ಒರೆಸಲು ಒಣಗಿದ ಬಟ್ಟೆ ಮೈಮೇಲೆ ಎಲ್ಲೂ ಇರಲಿಲ್ಲ. "ಈಗ ನನ್ನ ಪ್ರಯೋಗ?" ಎಂದು ಕೇಳಿದರು. ಆಜ್ಞೆಯ ದನಿಯಲ್ಲ. ನಿಜವಾಗಿ ಕೇಳಿದರು.

"ಮಾಡ್ತೇನ್ರಿ. ಐದನೇ ಇಯತ್ತೆಕ್ಕ ನಾವೆಲ್ಲಾರೂ ಹೋಗ್ತೇವಿ ಅಂತ ಮದ್ಲ ಮಾಸ್ತರು ಹೇಳ್ಲಿ. ಬ್ಯಾರೆ ವರ್ಗ ಬ್ಯಾಡ. ಗುಡಸೂದಿದ್ರ ಎಲ್ಲಾರೂ ಗುಡಸೂಣು."

ಸಾಹೇಬರು ಮಾಸ್ತರರ ಕಡೆ ತಿರುಗಿದರು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. "ನನ್ನ ತೀರ್ಮಾನ ತಪ್ಪಾಗಿತ್ತು, ಮಾಸ್ತರೇ. ಅದನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ಇನ್ನು ನೀವು ಹೇಳಬೇಕು."

"ಹೂಂ," ಎಂದರು ಮಾಸ್ತರರು.

"ಹೂಂ ಅಂದ್ರ?" ಎಂದಳು ಕರೆವ್ವ.

"ಹೋಗ್ರಿ ಅಂದ್ನೆಲ್ಲ."

"ಒಳಗ ಕುಂತು?"

ಮಾಸ್ತರರು ಜಂತೆ ನೋಡಿದರು. ಆ ಉತ್ತರಕ್ಕೆ ಯಾರೂ ಕಾಯಲಿಲ್ಲ. ಕಟ್ಟೆಯ ಮೇಲಿದ್ದ ಕೇರಿಯ ಮಕ್ಕಳು ಗೋಣಿತಟ್ಟು ಅಲ್ಲೇ ಬಿಟ್ಟು, ಒಬ್ಬರ ಹಿಂದೆ ಒಬ್ಬರು ಹೊಸ್ತಿಲು ದಾಟಿ ಬಂದು ಕೂತರು. ನೆಲ ಎಲ್ಲರನ್ನೂ ಹಿಡಿಸಿಕೊಂಡಿತು.

ಕರೆವ್ವ ಎದ್ದು ಮೇಜಿಗೆ ಬಂದಳು. ತಂಬಿಗೆಯಲ್ಲಿ ಉಳಿದಿದ್ದನ್ನು ಎರಡು ಅಗಲ ಗ್ಲಾಸಿಗೆ ಹಾಕಿದಳು. ಬಗ್ಗಿ, ಒಂದು ಕಣ್ಣು ಮುಚ್ಚಿ, ಸಮ ನೋಡಿದಳು. ಒಂದರಿಂದ ಹನಿ ತೆಗೆದು ಇನ್ನೊಂದಕ್ಕೆ ಹಾಕಿದಳು. ಆಮೇಲೆ ಒಂದನ್ನು ಎತ್ತಿ ಉದ್ದ ಗ್ಲಾಸಿಗೆ ಸುರಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ನೀರು ಕುತ್ತಿಗೆಯವರೆಗೆ ಏರಿತು.

ಸಾಹೇಬರು ಗಂಟಲು ಸರಿಪಡಿಸಿಕೊಂಡರು. ಒಂದು ಸೀನು ಬಂತು. ಸೀನಿ, ಮೂಗು ಒರೆಸಿ, ಗಂಭೀರವಾಗಿ ಕೇಳಿದರು:

"ಈಗ ಹೇಳು ಮಗು. ಯಾವುದರಲ್ಲಿ ನೀರು ಹೆಚ್ಚಿದೆ?"

ಕರೆವ್ವ ಅಗಲ ಗ್ಲಾಸು ನೋಡಿದಳು. ಉದ್ದ ಗ್ಲಾಸು ನೋಡಿದಳು. ಆಮೇಲೆ ಸಾಹೇಬರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇವೆರಡ್ರಾಗೂ ಸಮ ಐತ್ರಿ. ಹೆಚ್ಚಿಂದೆಲ್ಲ ನಿಮ್ಮ ಅಂಗ್ಯಾಗ ಐತಿ."

ಮೊದಲು ಕಿಸಕ್ಕೆಂದವನು ಕರಿಬಸಪ್ಪ. ಆಮೇಲೆ ಸಾಲಿಗೆ ಸಾಲಿಯೇ ಬಿದ್ದು ಬಿದ್ದು ನಕ್ಕಿತು, ಒಳಗಿನವರು ಯಾರು ಹೊರಗಿನವರು ಯಾರು ಗುರುತು ಸಿಗದ ಹಾಗೆ. ಅಷ್ಟು ನಗುವಿನ ಮೇಲೂ ಒಂದು ನಗು ಬೇರೆಯಾಗಿ ಕೇಳುತ್ತಿತ್ತು. ಮೇಜಿಗೆ ಎರಡೂ ಕೈ ಊರಿ, ತೊಯ್ದ ಅಂಗಿಯಲ್ಲಿ ಹೊಟ್ಟೆ ಕುಲುಕುತ್ತ, ಕೆಮ್ಮುತ್ತ, ಸೀನುತ್ತ, ಮತ್ತೆ ಗ್ಲಾಸು ನೋಡಿ ಮತ್ತೆ ಅಂಗಿ ನೋಡಿ, ಎಲ್ಲರಿಗಿಂತ ಜೋರಾಗಿ ಸಾಹೇಬರು ನಗುತ್ತಿದ್ದರು.